ಯಾವ ಬಾಗಿಲಿನಿಂದ ಬಂದರು? ಹೊಸದಾಗಿ ಕೆಲಸ ಹುಡುಕುವವರಿಗೆ ಸೈಬರ್ ದಾಳಿಗಳ ಪರಿಚಯ

(ಪದವಿ ಮುಗಿಸಿ ಉದ್ಯೋಗದ ಹುಡುಕಾಟದಲ್ಲಿರುವ ಯುವಕ ಯುವತಿಯರ ಎದುರು ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಹೊಸಬರ ಸಂದರ್ಶನದಲ್ಲಿ ನಾನು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಫಿಶಿಂಗ್ ಎಂದರೇನು ಎಂಬುದು. ನಂಬಿಕಸ್ಥರ ವೇಷದಲ್ಲಿ ಸಂದೇಶ ಕಳುಹಿಸಿ ಪಾಸ್‌ವರ್ಡ್, ಹಣ ದೋಚುವ ಮೋಸ ಎಂದು ಬಹುತೇಕ ಎಲ್ಲರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಎರಡನೆಯ ಪ್ರಶ್ನೆ ಹೀಗಿರುತ್ತದೆ: ಬೆಳಗ್ಗೆ ಹತ್ತು ಗಂಟೆಗೆ ಕಚೇರಿಯ ಮೂವತ್ತು ಮಂದಿಗೆ ಒಂದೇ ಬಗೆಯ ಮೋಸದ ಇಮೇಲ್ ಬಂದಿದೆ, ಅವರಲ್ಲಿ ಒಬ್ಬರು ತಮ್ಮ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದಾರೆ, ಈಗ ನೀವು ಮೊದಲು ಏನು ಮಾಡುತ್ತೀರಿ? ಈ ಪ್ರಶ್ನೆಗೆ ಹೆಚ್ಚಿನವರು ಮೌನವಾಗುತ್ತಾರೆ. ಅದು ಅವರ ದಡ್ಡತನವಲ್ಲ. ನಾವು ದಾಳಿಗಳ ಹೆಸರುಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿದ್ದೇವೆಯೇ ಹೊರತು, ಒಂದು ದಾಳಿ ಹೇಗೆ ನಡೆದುಕೊಂಡು ಬರುತ್ತದೆ ಎಂಬುದನ್ನು ತೋರಿಸಿಲ್ಲ. ಆದ್ದರಿಂದ ಇಂದು ಯಾವ ದಾಳಿಯ ಮಾತು ಬಂದರೂ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡೇ ಮುಂದೆ ಹೋಗೋಣ. ಅವರು ಯಾವ ಬಾಗಿಲಿನಿಂದ ಒಳಗೆ ಬಂದರು? ಆ ಬಾಗಿಲು ಏಕೆ ತೆರೆದಿತ್ತು? ಅದು ಮೊದಲು ಯಾರ ಕಣ್ಣಿಗೆ ಬೀಳಬೇಕಿತ್ತು?

ಪಠ್ಯಪುಸ್ತಕಗಳು ಗೌಪ್ಯತೆ, ಸಮಗ್ರತೆ, ಲಭ್ಯತೆ ಎಂಬ ಮೂರು ಪದಗಳಿಂದ ಆರಂಭವಾಗುತ್ತವೆ. ನಿಮ್ಮ ಪಾಸ್‌ಬುಕ್ಕನ್ನು ಬೇರೊಬ್ಬರು ಓದಿದರೆ ಗೌಪ್ಯತೆ ಹೋಯಿತು, ಅದರಲ್ಲಿರುವ ಅಂಕಿಯನ್ನು ತಿದ್ದಿದರೆ ಸಮಗ್ರತೆ ಹೋಯಿತು, ಬ್ಯಾಂಕಿನ ಬಾಗಿಲನ್ನೇ ತೆರೆಯಲಾಗದಂತೆ ಮಾಡಿದರೆ ಲಭ್ಯತೆ ಹೋಯಿತು. ಎಲ್ಲ ದಾಳಿಗಳೂ ಈ ಮೂರರಲ್ಲಿ ಒಂದನ್ನೋ ಎಲ್ಲವನ್ನೋ ಕೆಡಿಸುತ್ತವೆ. ಸದ್ಯಕ್ಕೆ ಇಷ್ಟು ಸಾಕು.

ಕಂಪನಿಗಳ ಮಾತಿಗೆ ಹೋಗುವ ಮೊದಲು ನಿಮ್ಮ ಮಾತನ್ನೇ ಆಡಬೇಕಾಗಿದೆ, ಏಕೆಂದರೆ ಕೆಲಸ ಹುಡುಕುತ್ತಿರುವವರೇ ಇಂದು ವಂಚಕರಿಗೆ ಬಹಳ ಸುಲಭದ ಗುರಿ. ನನ್ನ ಬಳಿಗೆ ಬರುವ ಬಯೋಡೇಟಾಗಳಲ್ಲಿ ಹುಟ್ಟಿದ ದಿನಾಂಕ, ತಂದೆಯ ಹೆಸರು, ಮನೆಯ ವಿಳಾಸಗಳಿರುತ್ತವೆ. ಕೆಲವರು ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿರುತ್ತಾರೆ. ಅರ್ಜಿ ಹಾಕುವ ಹಂತದಲ್ಲಿ ಸಾಮಾನ್ಯವಾಗಿ ಯಾವ ಸಂಸ್ಥೆಗೂ ಆ ಪ್ರತಿಗಳ ಅಗತ್ಯವಿರುವುದಿಲ್ಲ. ಆಯ್ಕೆಯಾಗಿದ್ದೀರಿ, ಲ್ಯಾಪ್‌ಟಾಪಿನ ಠೇವಣಿಯೆಂದು ಇಷ್ಟು ಹಣ ಕಟ್ಟಿ, ತರಬೇತಿ ಮುಗಿದ ಮೇಲೆ ವಾಪಸು ಕೊಡುತ್ತೇವೆ ಎಂದು ಯಾರಾದರೂ ಬರೆದರೆ ಮಾತುಕತೆಯನ್ನು ಅಲ್ಲಿಯೇ ನಿಲ್ಲಿಸಿ. ಕೆಲಸ ಕೊಡುವವರು ನಿಮಗೆ ಸಂಬಳ ಕೊಡಬೇಕು, ನಿಮ್ಮಿಂದ ಹಣ ಪಡೆಯಬಾರದು.

ಇನ್ನೊಂದು ಬಗೆಯ ವಂಚನೆಯ ಬಗ್ಗೆ ನನಗೆ ಹೆಚ್ಚು ಭಯವಿದೆ. ನಿಮ್ಮ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಡಿ, ಬಂದುಹೋಗುವ ಹಣದಲ್ಲಿ ನಿಮಗೂ ಪಾಲು ಸಿಗುತ್ತದೆ ಎಂಬ ಪ್ರಸ್ತಾಪ ಬರುತ್ತದೆ. ಇದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಎಲ್ಲಿಯೋ ಒಬ್ಬ ನಿವೃತ್ತರನ್ನು ಹೆದರಿಸಿ ಕಿತ್ತುಕೊಂಡ ಹಣ ನಿಮ್ಮ ಖಾತೆಗೆ ಬಂದು, ಕೆಲವೇ ನಿಮಿಷಗಳಲ್ಲಿ ಮತ್ತೊಂದು ಖಾತೆಗೆ ಹೋಗುತ್ತದೆ. ದೂರು ದಾಖಲಾದಾಗ ಪೊಲೀಸರಿಗೆ ಮೊದಲು ಸಿಗುವುದು ನಿಮ್ಮ ಹೆಸರು. ನನ್ನ ಪರಿಚಯದ ಹುಡುಗನೊಬ್ಬ ಸ್ನೇಹಿತನ ಮಾತು ನಂಬಿ ಖಾತೆ ಕೊಟ್ಟಿದ್ದ. ಹೊರರಾಜ್ಯದ ಪೊಲೀಸರಿಂದ ನೋಟಿಸು ಬಂತು, ಖಾತೆ ಸ್ಥಗಿತವಾಯಿತು, ಕೈಗೆ ಬಂದಿದ್ದ ಒಳ್ಳೆಯ ಕೆಲಸವೂ ಹಿನ್ನೆಲೆ ಪರಿಶೀಲನೆಯ ಹಂತದಲ್ಲಿ ತಪ್ಪಿಹೋಯಿತು. ಅವನ ತಾಯಿ ನನಗೆ ಫೋನ್ ಮಾಡಿ ಅತ್ತ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ನಮ್ಮ ಜಿಲ್ಲೆಗಳಿಗೆ ಹೊರದೇಶದ ಕೆಲಸ ಹೊಸತಲ್ಲ. ಗಲ್ಫಿಗೆ ಹೋದವರು ಒಬ್ಬರೂ ಇಲ್ಲದ ಊರು ಇಲ್ಲಿ ಸಿಗುವುದು ಕಷ್ಟ. ಏಜೆಂಟರನ್ನು ನಂಬಿ ಹೋಗುವ ಆ ಹಳೆಯ ಅಭ್ಯಾಸದ ಮೇಲೆಯೇ ಹೊಸ ಬಲೆ ಬಿದ್ದಿದೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆಸಿಕೊಂಡು, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಕಾವಲಿನ ಆವರಣಗಳಿಗೆ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆಯ ಕೆಲಸವನ್ನೇ ಬಲವಂತದಿಂದ ಮಾಡಿಸಿದ ಪ್ರಕರಣಗಳಲ್ಲಿ ಭಾರತೀಯ ಯುವಕರು ಸಿಕ್ಕಿಬಿದ್ದಿದ್ದಾರೆ. ವಿದೇಶಾಂಗ ಸಚಿವಾಲಯ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ನೇಮಕಾತಿ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳದೆ ಟಿಕೆಟ್ ಕೈಗೆತ್ತಿಕೊಳ್ಳಬೇಡಿ.

ಈಗ ಫಿಶಿಂಗ್‌ಗೆ ಬರುತ್ತೇನೆ. ಮೋಸದ ಲಿಂಕನ್ನು ಗುರುತಿಸುವುದಕ್ಕೆ ಅಕ್ಷರದೋಷ ಹುಡುಕಿ ಎಂದು ಹಿಂದೆ ಹೇಳುತ್ತಿದ್ದೆವು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದ ಮೇಲೆ ವಂಚಕರ ಭಾಷೆ ಶುದ್ಧವಾಗಿದೆ, ಕನ್ನಡವೂ ಶುದ್ಧವಾಗುತ್ತಿದೆ. ಆದ್ದರಿಂದ ಭಾಷೆಯನ್ನು ಬಿಟ್ಟು ವಿಳಾಸವನ್ನು ಓದಲು ಕಲಿಯಿರಿ. ಅಂಚೆಯ ಲಕೋಟೆಯ ಮೇಲೆ ನಾವು ಮನೆಯ ಹೆಸರು, ಗ್ರಾಮ, ತಾಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಬರೆಯುತ್ತೇವೆ. ಪತ್ರ ಯಾವ ಊರಿಗೆ ಹೋಗಬೇಕೆಂದು ತಿಳಿಯಲು ಅಂಚೆಯವರು ಕೆಳಗಿನ ಸಾಲನ್ನು ಮೊದಲು ನೋಡುತ್ತಾರೆ. ಜಾಲತಾಣದ ಹೆಸರೂ ಹಾಗೆಯೇ ಇರುತ್ತದೆ, ಅದನ್ನು ಬಲದಿಂದ ಎಡಕ್ಕೆ ಓದಬೇಕು. ವಿಳಾಸದಲ್ಲಿ https:// ಆದ ಮೇಲೆ ಮೊದಲ ಓರೆಗೆರೆ ಬರುವುದಕ್ಕೆ ಮುಂಚೆ, ಕೊನೆಯಲ್ಲಿರುವ ಡಾಟ್ ಕಾಮ್, ಡಾಟ್ ಇನ್, ಡಾಟ್ ಕೋ ಡಾಟ್ ಇನ್ ಅಥವಾ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನು ಗುರುತಿಸಿ, ಅದರ ಎಡಕ್ಕೆ ತಾಗಿಕೊಂಡಿರುವ ಪದವನ್ನು ನೋಡಿ. ಆ ಪದವೇ ತಾಣದ ಒಡೆಯ. ಅದಕ್ಕೂ ಎಡಕ್ಕೆ ನಿಮ್ಮ ಬ್ಯಾಂಕಿನ ಹೆಸರು ಎಷ್ಟು ಚೆನ್ನಾಗಿ ಬರೆದಿದ್ದರೂ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಅಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಮಾತು ಹೇಳುತ್ತೇನೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಈ ಐದು ಬ್ಯಾಂಕುಗಳೂ ಮಂಗಳೂರು ಉಡುಪಿಯ ಮಣ್ಣಿನಲ್ಲಿ 1906ರಿಂದ 1931ರೊಳಗೆ ಹುಟ್ಟಿದವು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ದಿನವೂ ಮನೆಯ, ಅಂಗಡಿಯ ಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನು ಪಡೆದು ರಶೀದಿ ಕೊಡುತ್ತಿದ್ದರು. ನಮ್ಮ ಹಿರಿಯರಿಗೆ ಬ್ಯಾಂಕ್ ಎಂದರೆ ಪರಿಚಯದ ಒಂದು ಮುಖ. ಆ ಐದರಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದವು. ಬ್ಯಾಂಕಿನ ಹೆಸರು ಬದಲಾಗಿದೆ, ಕೆವೈಸಿ ನವೀಕರಿಸದಿದ್ದರೆ ಖಾತೆ ಮುಚ್ಚುತ್ತದೆ ಎಂಬ ಸಂದೇಶವನ್ನು ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ನಂಬಿದರೆ ಅದನ್ನು ಅಜ್ಞಾನವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಹೆಸರು ಬದಲಾದದ್ದು ನಿಜ, ಅವರ ನಂಬಿಕೆಯೂ ನಿಜ. ವಂಚಕ ಆ ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ತುರುಕಿದ್ದಾನೆ. ಒಳ್ಳೆಯ ಫಿಶಿಂಗ್ ಸಂದೇಶಗಳೆಲ್ಲ ಹೀಗೆಯೇ ಕಟ್ಟಲ್ಪಟ್ಟಿರುತ್ತವೆ.

ಕಚೇರಿಗಳಲ್ಲಿ ಇದರ ಇನ್ನೂ ಗಂಭೀರವಾದ ರೂಪವನ್ನು ನೋಡುತ್ತೇವೆ. ಗೇರುಬೀಜ ರಫ್ತು ಮಾಡುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಿ. ಲೆಕ್ಕಪತ್ರ ವಿಭಾಗದ ಒಬ್ಬರ ಇಮೇಲ್ ಪಾಸ್‌ವರ್ಡ್ ಕಳ್ಳನ ಕೈ ಸೇರಿದೆ. ಅವನು ಏನನ್ನೂ ಕೆಡಿಸುವುದಿಲ್ಲ, ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ಬರುವ ಪತ್ರಗಳೆಲ್ಲ ತನಗೂ ತಲುಪುವಂತೆ ಒಂದು ಫಾರ್ವರ್ಡ್ ನಿಯಮವನ್ನು ಬರೆದಿಡುತ್ತಾನೆ. ದೊಡ್ಡ ಸರಕೊಂದರ ಹಣ ಬರುವ ಹೊತ್ತಿಗೆ, ಅದೇ ಪತ್ರವ್ಯವಹಾರದ ನಡುವೆ, ನಮ್ಮ ಖಾತೆ ಬದಲಾಗಿದೆ, ಈ ಹೊಸ ಸಂಖ್ಯೆಗೆ ಹಣ ಹಾಕಿ ಎಂದು ಖರೀದಿದಾರನಿಗೆ ಬರೆಯುತ್ತಾನೆ. ಖರೀದಿದಾರ ಪ್ರಾಮಾಣಿಕವಾಗಿಯೇ ಹಣ ಕಳುಹಿಸುತ್ತಾನೆ. ಇದರಲ್ಲಿ ವೈರಸ್ ಇಲ್ಲ, ಆ್ಯಂಟಿವೈರಸ್ ಹಿಡಿಯುವಂಥದ್ದು ಏನೂ ಇಲ್ಲ. ಖಾತೆ ಸಂಖ್ಯೆ ಬದಲಾದಾಗ ಹಳೆಯ ಫೋನ್ ನಂಬರಿಗೆ ಕರೆಮಾಡಿ ಕೇಳುವ ಒಂದು ಅಭ್ಯಾಸವಿದ್ದಿದ್ದರೆ ಇಡೀ ವಂಚನೆ ನಿಂತುಹೋಗುತ್ತಿತ್ತು.

ಈಗ ಆರಂಭದ ಪ್ರಶ್ನೆಗೆ ಉತ್ತರ ಕೊಡಬಹುದು. ಪಾಸ್‌ವರ್ಡ್ ಕೊಟ್ಟವರ ಪಾಸ್‌ವರ್ಡ್ ಬದಲಿಸಿದರೆ ಮಾತ್ರ ಸಾಲದು, ಕಳ್ಳ ಆಗಲೇ ಒಳಗೆ ಕುಳಿತಿದ್ದರೆ ಹೊಸ ಪಾಸ್‌ವರ್ಡ್ ಅವನನ್ನು ತಕ್ಷಣ ಹೊರಗೆ ಹಾಕುವುದಿಲ್ಲ. ಆದ್ದರಿಂದ ಆ ಖಾತೆಯ ತೆರೆದ ಸೆಷನ್‌ಗಳನ್ನೆಲ್ಲ, ಅಂದರೆ ಈಗಾಗಲೇ ಆಗಿರುವ ಲಾಗಿನ್‌ಗಳನ್ನೆಲ್ಲ, ಮುಚ್ಚಬೇಕು, ಫಾರ್ವರ್ಡ್ ನಿಯಮ ಏನಾದರೂ ಸೇರಿದೆಯೇ ಎಂದು ನೋಡಬೇಕು, ಉಳಿದ ಇಪ್ಪತ್ತೊಂಬತ್ತು ಮಂದಿಯಲ್ಲಿ ಯಾರು ಲಿಂಕ್ ಒತ್ತಿದ್ದಾರೆ ಎಂಬುದನ್ನು ಕಂಪ್ಯೂಟರುಗಳ ಲಾಗ್ ದಾಖಲೆಗಳಲ್ಲಿ ಹುಡುಕಬೇಕು, ಆ ಇಮೇಲನ್ನು ಎಲ್ಲರ ಪೆಟ್ಟಿಗೆಯಿಂದ ತೆಗೆಸಬೇಕು, ಮೋಸದ ತಾಣವನ್ನು ತಡೆಯಬೇಕು. ಈ ಕ್ರಮವನ್ನು ನಿಮ್ಮದೇ ಮಾತಿನಲ್ಲಿ ಹೇಳಬಲ್ಲವರಿಗೆ ನಾನು ಮೂರನೆಯ ಪ್ರಶ್ನೆ ಕೇಳುವುದಿಲ್ಲ.

ಪಾಸ್‌ವರ್ಡ್ ದಾಳಿಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಒಂದು ಖಾತೆಯ ಮೇಲೆ ಸಾವಿರಾರು ಪಾಸ್‌ವರ್ಡ್ ಪ್ರಯತ್ನಿಸುವುದು ಬ್ರೂಟ್ ಫೋರ್ಸ್, ಸಾವಿರಾರು ಖಾತೆಗಳ ಮೇಲೆ ಒಂದೆರಡು ಸಾಮಾನ್ಯ ಪಾಸ್‌ವರ್ಡ್ ಪ್ರಯತ್ನಿಸುವುದು ಪಾಸ್‌ವರ್ಡ್ ಸ್ಪ್ರೇಯಿಂಗ್, ಒಂದು ಕಡೆ ಸೋರಿಕೆಯಾದದ್ದನ್ನು ಇನ್ನೊಂದು ಕಡೆ ಪ್ರಯತ್ನಿಸುವುದು ಕ್ರೆಡೆನ್ಷಿಯಲ್ ಸ್ಟಫಿಂಗ್. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಸಂಸ್ಥೆ ಸೈಬರ್ ದಾಳಿಯಿಂದಾಗಿ ಇಂಧನ ಸಾಗಾಟವನ್ನೇ ನಿಲ್ಲಿಸಬೇಕಾಯಿತು. ದಾಳಿಕೋರರು ಒಳಗೆ ಬಂದದ್ದು ದೂರದಿಂದ ಕಚೇರಿಯ ಜಾಲಕ್ಕೆ ಸೇರಲು ಬಳಸುವ ವಿಪಿಎನ್‌ನ, ಬಳಕೆಯಲ್ಲಿಲ್ಲದ ಒಂದು ಖಾತೆಯಿಂದ, ಆ ಖಾತೆಗೆ ಎರಡನೆಯ ಹಂತದ ದೃಢೀಕರಣ ಇರಲಿಲ್ಲ. ಯಾರಿಗೂ ಬೇಡವಾದ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಲು ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಬೆರಳಚ್ಚು ಸೋರಿದರೆ ಏನು ಮಾಡುತ್ತೀರಿ? ಈ ಪ್ರಶ್ನೆ 2023ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಎದುರಾಯಿತು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಯಿತು. ಅವರು ಲಿಂಕ್ ಒತ್ತಿರಲಿಲ್ಲ, ಒಟಿಪಿ ಹೇಳಿರಲಿಲ್ಲ, ಏಕೆಂದರೆ ಆ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಒಟಿಪಿ ಬೇಕಾಗುವುದಿಲ್ಲ. ತನಿಖೆಯ ಜಾಡು ನೋಂದಣಿ ದಸ್ತಾವೇಜುಗಳಲ್ಲಿದ್ದ ಬೆರಳಚ್ಚಿನ ಪ್ರತಿಗಳ ಕಡೆಗೆ ಹೋಯಿತು. ಇಲ್ಲಿ ಬಾಗಿಲು ತೆರೆದದ್ದು ಹಣ ಕಳೆದುಕೊಂಡವರಲ್ಲ, ಒಂದು ಉದ್ದೇಶಕ್ಕೆ ಪಡೆದ ಗುರುತು ಇನ್ನೊಂದು ಕಡೆ ಕೀಲಿಯಾಗುತ್ತದೆ ಎಂದು ಯೋಚಿಸದ ವ್ಯವಸ್ಥೆ. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯವಿದೆ. ಇಂದು ಸಂಜೆ ಮನೆಗೆ ಹೋದ ಮೇಲೆ ತಂದೆ ತಾಯಿಯರದನ್ನೂ ಲಾಕ್ ಮಾಡಿಸಿ.

ರಾನ್ಸಮ್‌ವೇರ್ ಎಂದರೆ ಫೈಲುಗಳಿಗೆ ಬೀಗ ಹಾಕಿ ಕೀಲಿಗೆ ಹಣ ಕೇಳುವ ತಂತ್ರಾಂಶ. 2017ರ ಮೇ 12ರಂದು ವಾನಾಕ್ರೈ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷದಿಂದ ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನಾಗಿಯೇ ಹಬ್ಬಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಬಿಡುಗಡೆ ಮಾಡಿತ್ತು. ನಡುವೆ ಐವತ್ತೊಂಬತ್ತು ದಿನಗಳಿದ್ದವು. ಯಾವ ಯಂತ್ರಗಳಿಗೆ ತೇಪೆ ಹಾಕಿಲ್ಲ ಎಂಬ ಪಟ್ಟಿಯನ್ನು ಯಾರಾದರೂ ತಯಾರಿಸಿ ಬೆನ್ನುಹತ್ತಿದ್ದರೆ ಅಷ್ಟು ದಿನ ಸಾಕಿತ್ತು. ನೀವು ಹೊಸಬರಾಗಿ ಸೇರಿದಾಗ ನಿಮ್ಮ ಕೈಗೆ ಬರುವುದು ಇಂತಹ ಪಟ್ಟಿಗಳೇ. ದಯವಿಟ್ಟು ಅದನ್ನು ಚಿಕ್ಕ ಕೆಲಸವೆಂದು ತಿಳಿಯಬೇಡಿ.

ಅದೇ ವರ್ಷದ ಜೂನ್ 27ರಂದು ಬಂದ ನಾಟ್‌ಪೆಟ್ಯಾ ಹಣಕ್ಕಾಗಿ ಬಂದಂತೆ ಕಂಡರೂ ಅದರ ಕೆಲಸ ಬರಿಯ ನಾಶ. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ತಂತ್ರಾಂಶವೊಂದರ ಅಪ್‌ಡೇಟ್‌ನೊಳಗೆ ಅದು ಅಡಗಿ ಬಂತು. ಇದನ್ನು ಪೂರೈಕೆ ಸರಪಳಿ ದಾಳಿ ಎನ್ನುತ್ತೇವೆ: ನಂಬಿಕಸ್ಥ ಸರಬರಾಜುದಾರನ ಚೀಲದಲ್ಲಿಯೇ ವಿಷ ಬರುತ್ತದೆ. ಹಡಗು ಸಂಸ್ಥೆ ಮೆರ್ಸ್ಕ್‌ನ ಜಾಲ ಅದರಿಂದ ನೆಲಕಚ್ಚಿತು, ಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್ ಕೂಡ ಸಿಕ್ಕಿಕೊಂಡಿತು. ಪಣಂಬೂರಿನಲ್ಲಿ ಬಂದರು ಇರುವ ಊರಿನವರಾದ ನಮಗೆ, ಉಕ್ರೇನಿನ ಲೆಕ್ಕದ ತಂತ್ರಾಂಶ ಕೆಟ್ಟರೆ ಅರಬ್ಬಿ ಸಮುದ್ರದ ದಂಡೆಯಲ್ಲಿ ಕಂಟೇನರು ನಿಲ್ಲುತ್ತದೆ ಎಂಬುದು ಅರ್ಥವಾಗಬೇಕು. ತೇಪೆ ಹಾಕಿದ ಯಂತ್ರಗಳೂ ಇದರಲ್ಲಿ ಬಿದ್ದವು, ಏಕೆಂದರೆ ನಾಟ್‌ಪೆಟ್ಯಾ ಒಂದು ಯಂತ್ರದ ನೆನಪಿನಲ್ಲಿದ್ದ ಪಾಸ್‌ವರ್ಡ್‌ಗಳನ್ನು ಕದ್ದು ಮುಂದಿನದಕ್ಕೆ ಹೋಗುತ್ತಿತ್ತು.

ಎಸ್‌ಕ್ಯೂಎಲ್ ಇಂಜೆಕ್ಷನ್ ಬಗ್ಗೆ ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ. ಎಸ್‌ಕ್ಯೂಎಲ್ ಎಂದರೆ ಮಾಹಿತಿಯ ಸಂಗ್ರಹಕ್ಕೆ (ಡೇಟಾಬೇಸ್) ಆಜ್ಞೆ ಕೊಡುವ ಭಾಷೆ, ಆ ಆಜ್ಞೆಯೇ ಕ್ವೆರಿ. ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿಯ ಮೊತ್ತ ಎಂಬ ಖಾಲಿ ಜಾಗದಲ್ಲಿ, ಐನೂರು, ಜೊತೆಗೆ ಪಕ್ಕದವರ ಖಾತೆಯದ್ದನ್ನೂ ಕೊಡಿ ಎಂದು ಒಬ್ಬ ಬರೆಯುತ್ತಾನೆ. ಗುಮಾಸ್ತ ಅದನ್ನು ಆದೇಶವೆಂದೇ ಓದಿ ಪಾಲಿಸುತ್ತಾನೆ. ಬಳಕೆದಾರ ತುಂಬಿದ ಮಾಹಿತಿಯನ್ನು ತಂತ್ರಾಂಶ ಆಜ್ಞೆಯೊಡನೆ ಬೆರೆಸಿದರೆ ಆಗುವುದು ಇದೇ. ಆ ಜಾಗದಲ್ಲಿ ಏನೇ ಬರೆದಿದ್ದರೂ ಅದನ್ನು ಮೊತ್ತವೆಂದು ಮಾತ್ರ ನೋಡು ಎಂದು ಗುಮಾಸ್ತನಿಗೆ ಮೊದಲೇ ಹೇಳಿಡುವುದು ಪ್ಯಾರಾಮೀಟರ್ ಬಳಸುವ ಕ್ವೆರಿ. ಡಿಡಾಸ್ ದಾಳಿಯಲ್ಲಿ ಕಳ್ಳತನವಿಲ್ಲ, ಬಾಗಿಲಲ್ಲಿ ಸುಳ್ಳು ಗಿರಾಕಿಗಳ ನೂಕುನುಗ್ಗಲು ಮಾತ್ರ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ), ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರುಗಳನ್ನೇ ಸೇನೆಯಾಗಿ ಬಳಸಿತು. ನಿಮ್ಮ ಮನೆಯ ರೌಟರಿನ ಪಾಸ್‌ವರ್ಡ್ ಬದಲಿಸಿದ್ದೀರಾ ಎಂದು ನೋಡಿ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡ ಪ್ರಕರಣ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನದು. 2016ರ ಫೆಬ್ರವರಿ 4ರಂದು, ಗುರುವಾರ ರಾತ್ರಿ, ಆ ಬ್ಯಾಂಕಿನ ಹೆಸರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ಹಣ ವರ್ಗಾಯಿಸುವ ಆದೇಶಗಳು ಹೊರಟವು. ಒಟ್ಟು ಬೇಡಿಕೆ ಸುಮಾರು 95 ಕೋಟಿ ಡಾಲರ್. ಶುಕ್ರವಾರ ಮತ್ತು ಶನಿವಾರ ಬಾಂಗ್ಲಾದೇಶದಲ್ಲಿ ವಾರದ ರಜೆ, ಅದು ಮುಗಿಯುವಾಗ ನ್ಯೂಯಾರ್ಕಿನಲ್ಲಿ ರಜೆ, ಸೋಮವಾರ ಹಣ ಸೇರಬೇಕಾದ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸ ವರ್ಷದ ರಜೆ. ಕಳ್ಳರು ಕ್ಯಾಲೆಂಡರನ್ನು ಅಷ್ಟು ಚೆನ್ನಾಗಿ ಓದಿದ್ದರು. ಒಂದು ಆದೇಶದಲ್ಲಿ ಫೌಂಡೇಷನ್ ಎಂಬ ಪದದ ಕಾಗುಣಿತ ತಪ್ಪಿದ್ದರಿಂದ ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಉಳಿಯಿತು, ಹೆಚ್ಚಿನ ಆದೇಶಗಳು ತಡೆಹಿಡಿಯಲ್ಪಟ್ಟವು, ಆದರೂ 8 ಕೋಟಿ 10 ಲಕ್ಷ ಡಾಲರ್ ಹೋಯಿತು.

ಅವರು ಯಾವ ಬಾಗಿಲಿನಿಂದ ಬಂದರು? ಅಮೆರಿಕದ ನ್ಯಾಯ ಇಲಾಖೆ 2018ರಲ್ಲಿ ಬಹಿರಂಗಪಡಿಸಿದ ದೂರಿನ ಪ್ರಕಾರ, ಆ ಕಳ್ಳತನಕ್ಕೆ ಒಂದು ವರ್ಷ ಮೊದಲೇ ಆ ಬ್ಯಾಂಕಿನ ನೌಕರರಿಗೆ ಉದ್ಯೋಗಾಕಾಂಕ್ಷಿಯೊಬ್ಬನ ಹೆಸರಿನಲ್ಲಿ ವಿನಯಪೂರ್ವಕವಾದ ಇಮೇಲ್ ಬಂದಿತ್ತು. ನಿಮ್ಮ ಸಂಸ್ಥೆಯಲ್ಲಿ ಕೆಲಸ ಮಾಡಲು ಆಸೆಯಿದೆ, ನನ್ನ ರೆಸ್ಯೂಮೆ ಈ ಲಿಂಕಿನಲ್ಲಿದೆ ಎಂಬ ಒಕ್ಕಣೆ. ನಿಮ್ಮಂಥವರ ವೇಷವನ್ನೇ ಅವರು ಹಾಕಿಕೊಂಡಿದ್ದರು. ಈ ಕಾರಣಕ್ಕೆ, ರೆಸ್ಯೂಮೆಯನ್ನು ಅಪರಿಚಿತ ಲಿಂಕಾಗಿ, ಜಿಪ್ ಫೈಲಾಗಿ, ಮ್ಯಾಕ್ರೋ (ದಾಖಲೆಯೊಳಗೆ ಅಡಗಿ ಓಡುವ ಸಣ್ಣ ಪ್ರೋಗ್ರಾಂ) ಇರುವ ದಾಖಲೆಯಾಗಿ ಕಳುಹಿಸಬೇಡಿ. ಸಾದಾ ಪಿಡಿಎಫ್ ಕಳುಹಿಸಿ. ಎಚ್ಚರವಿರುವ ಸಂಸ್ಥೆ ಉಳಿದವನ್ನು ತೆರೆಯುವುದಿಲ್ಲ, ತೆರೆಯಲೂಬಾರದು.

ಮೊದಲು ಯಾರ ಕಣ್ಣಿಗೆ ಬೀಳಬೇಕಿತ್ತು ಎಂಬುದೂ ಈ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಬ್ಯಾಂಕಿನ ಒಂದು ಕೋಣೆಯಲ್ಲಿ ಪ್ರತಿ ವರ್ಗಾವಣೆಯನ್ನೂ ಕಾಗದದ ಮೇಲೆ ಮುದ್ರಿಸುವ ಪ್ರಿಂಟರ್ ಇತ್ತು. ಕಳ್ಳರು ಅದನ್ನು ನಿಷ್ಕ್ರಿಯಗೊಳಿಸಿದ್ದರು. ಶುಕ್ರವಾರ ಬೆಳಗ್ಗೆ ಕರ್ತವ್ಯದಲ್ಲಿದ್ದವರು ಪ್ರಿಂಟರ್ ನಿಂತಿರುವುದನ್ನು ನೋಡಿದರು, ಹಿಂದೆಯೂ ಹೀಗೆ ಕೆಟ್ಟಿತ್ತಲ್ಲ ಎಂದುಕೊಂಡರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಪ್ರಿಂಟರ್ ಎಲ್ಲ ಕಚೇರಿಗಳಲ್ಲಿಯೂ ಕೆಡುತ್ತದೆ. ಆದರೆ ನೀವು ಸೇರಲಿರುವ ಕೆಲಸದ ತಿರುಳು ಇಲ್ಲಿದೆ. ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ ಎಂಬ ನಿಗಾ ಕೇಂದ್ರದ ಮೊದಲ ಹಂತದಲ್ಲಿ ಪಾಳಿಯ ಮೇಲೆ ಕುಳಿತವರ ಪರದೆಗೆ ದಿನವಿಡೀ ಎಚ್ಚರಿಕೆಗಳು ಬರುತ್ತವೆ, ಬಹುಪಾಲು ಸುಳ್ಳು ಎಚ್ಚರಿಕೆಗಳು. ಪ್ರತಿಯೊಂದಕ್ಕೂ ಏನು ಕಂಡಿತು, ಯಾವ ಹೊತ್ತಿಗೆ, ಯಾವ ಯಂತ್ರದಲ್ಲಿ, ಯಾವ ಆಧಾರದ ಮೇಲೆ ಇದನ್ನು ಮುಚ್ಚುತ್ತಿದ್ದೇನೆ ಎಂದು ಟಿಕೆಟ್‌ನಲ್ಲಿ, ಅಂದರೆ ಆ ಎಚ್ಚರಿಕೆಯ ಕಡತದಲ್ಲಿ, ಬರೆಯಬೇಕು. ಸರಿಹೋಗಿದೆ ಎಂಬ ಒಂದೇ ಪದ ಬರೆದು ಮುಚ್ಚಿದ ಟಿಕೆಟ್‌ನಿಂದ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಬಗೆಯ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. ಆ ಆರು ಗಂಟೆಗಳಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮೊದಲು ನೋಡಿದವರ ಬರಹದ ಸ್ಪಷ್ಟತೆಯನ್ನು ಅವಲಂಬಿಸಿದೆ.

ಅಭ್ಯಾಸಕ್ಕಾಗಿ ಬೇರೆಯವರ ತಾಣದ ಮೇಲೆ ಕೈಯಾಡಿಸಬಹುದೇ ಎಂದು ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ. ಖಂಡಿತ ಕೂಡದು. ಕುಚೋದ್ಯಕ್ಕಾಗಲಿ ಕುತೂಹಲಕ್ಕಾಗಲಿ, ಅನುಮತಿಯಿಲ್ಲದೆ ಮಾಡಿದ ಪ್ರವೇಶ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂಗೆ ವಿರುದ್ಧ. ದುರುದ್ದೇಶ ಸೇರಿದರೆ 66ನೇ ಕಲಂ ಪ್ರಕಾರ ಮೂರು ವರ್ಷಗಳವರೆಗೆ ಜೈಲು ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್) ಕಟ್ಟಿಕೊಂಡು ಅದರ ಮೇಲೆ ಬೇಕಾದಷ್ಟು ಪ್ರಯೋಗ ಮಾಡಿ. ಮನೆಯಲ್ಲಿ ಯಾರಾದರೂ ಹಣ ಕಳೆದುಕೊಂಡರೆ ಏನು ಮಾಡಬೇಕೆಂದು ಇನ್ನೊಬ್ಬರು ಕೇಳಿದ್ದಾರೆ. ಬೈಯುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲಿ ಮಾತ್ರ.

ಇಂದು ರಾತ್ರಿಗೆ ಒಂದು ಕೆಲಸ ಕೊಡುತ್ತೇನೆ. ವಿಂಡೋಸ್ ಕಂಪ್ಯೂಟರಿನಲ್ಲಿ ಈವೆಂಟ್ ವ್ಯೂವರ್ ತೆರೆದು, ಸೆಕ್ಯುರಿಟಿ ದಾಖಲೆಯಲ್ಲಿ 4624 ಎಂಬ ಸಂಖ್ಯೆಯನ್ನು ಹುಡುಕಿ. ಯಾರಾದರೂ ಯಶಸ್ವಿಯಾಗಿ ಲಾಗಿನ್ ಆದ ಗುರುತು ಅದು; 4625 ಎಂದರೆ ವಿಫಲ ಪ್ರಯತ್ನ. ಪ್ರತಿ ದಾಖಲೆಯೊಳಗೆ ಲಾಗಿನ್ ಬಗೆಯ ಸಂಖ್ಯೆ ಇರುತ್ತದೆ: 2 ಎಂದಿದ್ದರೆ ಕೀಬೋರ್ಡಿನ ಮುಂದೆ ಕುಳಿತವರು, 3 ಎಂದಿದ್ದರೆ ಜಾಲದ ಮೂಲಕ ಬಂದವರು, 5 ಎಂದಿದ್ದರೆ ವಿಂಡೋಸ್‌ನ ಯಾವುದೋ ಸೇವೆ, 10 ಎಂದಿದ್ದರೆ ದೂರದಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದವರು. ನಿಮ್ಮದೇ ಲಾಗಿನ್ ಯಾವುದೆಂದು ಗುರುತಿಸಿ, ಅದರ ಬಗ್ಗೆ ಐದು ಸಾಲಿನ ಟಿಕೆಟ್ ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷಿನಲ್ಲಿ ಬರೆದರೂ ಸರಿ. ನಾಳೆ ಬೆಳಗಿನ ಅವಧಿಗೆ ಅದನ್ನು ತನ್ನಿ, ಪಕ್ಕದಲ್ಲಿ ಕುಳಿತವರ ಕೈಗೆ ಕೊಟ್ಟು, ಏನು ನಡೆಯಿತೆಂದು ಅವರು ಹೇಳಬಲ್ಲರೇ ನೋಡೋಣ.